ಬೆಂಗಳೂರಿಗಿಂತ ಮೊದಲು ನಮ್ಮ ಕಡೆ ಟಿವಿ ಬಂದಿತ್ತು

ನನ್ನ ವಯಸ್ಸಿನವರಿಗೆ ದೂರದರ್ಶನ ಅಂದ್ರೆ ಚಂದನ. 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’, ಡಾ. ನಾ. ಸೋಮೇಶ್ವರ, ಸರಿ ಉತ್ತರ ಕೊಟ್ಟವರಿಗೆ ಪುಸ್ತಕ. ಮಾಳಿಗೆ ಮೇಲೆ ಆಂಟೆನಾ ತಿರುಗಿಸೋರು ಒಬ್ಬರು, ಕೆಳಗಿಂದ ‘ಬಂತು, ಬಂತು... ಹೋತು!’ ಅಂತ ಕೂಗೋರು ನಾವು. ಆದ್ರೆ ನಮ್ಮ ಭಾಗದ ಟಿವಿ ಕಥೆ ಇದಕ್ಕಿಂತ ಬಹಳ ಹಳೇದು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ‘ಸೈಟ್’ ಅನ್ನೋ ಪ್ರಯೋಗ ಶುರುವಾಯ್ತು. ಉಪಗ್ರಹ ಅಮೆರಿಕದ ನಾಸಾದ್ದು, ಹೆಸರು ಎಟಿಎಸ್-6. ನೆಲದ ಮೇಲಿನ ವ್ಯವಸ್ಥೆ ಇಸ್ರೋದ್ದು. 6 ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳನ್ನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲ ಆಗ ವಿಜಾಪುರ ಜಿಲ್ಲೆಯೊಳಗೇ ಇದ್ದವು. ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಆ ಟಿವಿ ಯಾರ ಮನೆಗೂ ಸೇರಿದ್ದಲ್ಲ, ಊರಿಗೆ ಸೇರಿದ್ದು. ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ ಒಂದು ಸೆಟ್, ಹೊರಗೆ ಸುಮಾರು 10 ಅಡಿ ಅಗಲದ ತಂತಿ ಜಾಲರಿಯ ಡಿಶ್. ಬೆಳಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕೃಷಿ, ಆರೋಗ್ಯ. ಕನ್ನಡದ ಕಾರ್ಯಕ್ರಮ ತಯಾರಾಗ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸೋ ಸೌಲಭ್ಯ ಇತ್ತು: ಒಂದು ತೆಲುಗು, ಇನ್ನೊಂದು ಕನ್ನಡ.

ಒಪ್ಪಂದ ಇದ್ದದ್ದು ಒಂದೇ ವರ್ಷಕ್ಕೆ. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು, ಉಪಗ್ರಹ ಬೇರೆ ಕಡೆ ಸರಿಯಿತು. 1977ರಲ್ಲಿ ಗುಲಬರ್ಗಾಕ್ಕೆ ಟಿವಿ ಕೇಂದ್ರ ಬಂತು, ಖರೆ. ಆದ್ರೆ ಅಲ್ಲಿಂದ ಇಳಕಲ್ಲಿಗೆ 150 ಕಿಲೋಮೀಟರಿಗಿಂತ ಹೆಚ್ಚು ದೂರ. ಆಕಾಶದಿಂದ ನೇರ ಬರ್ತಿದ್ದ ಚಿತ್ರ ನೆಲದ ಟವರಿನಿಂದ ಅಷ್ಟು ದೂರ ಬರಲ್ಲ.

ನಂಗೆ ಕಾಡೋದು ಇದೇ. ಸಿಗ್ನಲ್ ಯಾರ ಕೈಯಲ್ಲಿದೆಯೋ, ನಿಲ್ಲಿಸೋ ದಿನ ಗೊತ್ತು ಮಾಡೋರೂ ಅವರೇ. ನಾವು ಆಂಟೆನಾ ತಿರುಗಿಸಿ ಹಿಡೀತಿದ್ದ ಅನಲಾಗ್ ಪ್ರಸಾರವೂ 2022ರ ಹೊತ್ತಿಗೆ ಬಹುತೇಕ ಎಲ್ಲ ಕಡೆ ಬಂದ್ ಆಯ್ತು. ಕೊರೊನಾ ಕಾಲದಲ್ಲಿ, 2021ರಲ್ಲಿ, ಚಂದನದಲ್ಲಿ ‘ಸಂವೇದ’ ಪಾಠ ಬಂತು. 1975ರ ಹಂಗೇ ಮತ್ತೆ ಟಿವಿಯೊಳಗೆ ಶಾಲೆ! ಆದ್ರೆ ಈ ಸಲ ಊರಿಗೊಂದು ಸೆಟ್ ಇಟ್ಟು ಕೊಡಲಿಲ್ಲ. ಮನೆಯಲ್ಲಿ ಟಿವಿ ಇದ್ದವರು ನೋಡಿದ್ರು.

1975ರಲ್ಲಿ ಆ ಡಿಶ್ ಕೆಳಗೆ ಕೂತ ಹತ್ತು ವರ್ಷದ ಮಕ್ಕಳಿಗೆ ಈಗ ಅರವತ್ತು. ಅವರು ಏನು ನೋಡಿದ್ರು, ಏನು ತಿಳೀತು, ಸೆಟ್ ಸುಮ್ಮನಾದ ದಿನ ಏನನ್ನಿಸಿತು ಅನ್ನೋದು ಸರ್ಕಾರಿ ವರದಿಯಲ್ಲಿ ಪೂರ್ತಿ ಸಿಗಲ್ಲ. ನಿಮ್ಮನಿ ಅಜ್ಜ, ಅಜ್ಜಿ, ದೊಡ್ಡಪ್ಪ, ಯಾರಾದ್ರೂ ಸರಿ, ಇವತ್ತು ಸಂಜೆ ಕೇಳ್ರಿ. ಫೋನಿನಾಗ ರೆಕಾರ್ಡ್ ಮಾಡಿ ಇಡ್ರಿ. ಮುಂದಿನ ವಾರ ಸಿಗೋಣ.