ಯಾಕ್ ಊರಿಗೆ ಇಳಿಯಲಿಲ್ಲ, ಹೆಸರು ಇಳೀತು (ಹೋಟೆಲ್ ಹಿಸ್ಟರಿ, ಭಾಗ 4)

ಕಠ್ಮಂಡು ಇರೋದು ಸುಮಾರು 1,400 ಮೀಟರ್ ಎತ್ತರದಲ್ಲಿ. ನಮಗೆ ಅದೇ ಚಳಿ. ಆದ್ರೆ ಯಾಕ್‌ಗೆ ಅದು ಬಿಸಿಲೂರು! 3,000 ಮೀಟರ್‌ಗಿಂತ ಕೆಳಗೆ ಬಂದ್ರೆ ಪಾಪ, ಸೆಖೆಗೆ ಒದ್ದಾಡುತ್ತೆ. ಇನ್ನು ಯೇತಿ ಇದೆ ಅನ್ನೋಕೆ ಇವತ್ತಿಗೂ ಪುರಾವೆ ಇಲ್ಲ. ಆದ್ರೂ ಪೇಟೆ ಮಧ್ಯದ ದರ್ಬಾರ್ ಮಾರ್ಗದಲ್ಲಿ ಒಂದು ದೊಡ್ಡ ಹೋಟೆಲ್ ಇದೆ, ಹೆಸರು 'ಯಾಕ್ ಅಂಡ್ ಯೇತಿ'. ಹೇಗೆ ಬಂತು ಈ ಹೆಸರು?

1951ರ ತನಕ ನೇಪಾಳದಲ್ಲಿ ರಾಣಾಗಳ ಆಡಳಿತ. ಹೊರಗಿನವರಿಗೆ ಬಾಗಿಲು ಹೆಚ್ಚುಕಮ್ಮಿ ಬಂದ್. ಆಮೇಲೆ ಬಂದವರು ಬೋರಿಸ್ ಲಿಸಾನೆವಿಚ್. ಒಡೆಸ್ಸಾದಲ್ಲಿ ಹುಟ್ಟಿದ ಬ್ಯಾಲೆ ಡಾನ್ಸರ್, ಕಲ್ಕತ್ತಾದಲ್ಲಿ '300 ಕ್ಲಬ್' ನಡೆಸಿದ ಮನುಷ್ಯ. ರಾಜ ತ್ರಿಭುವನ್ ಪರಿಚಯ ಇತ್ತು. ಕಠ್ಮಂಡುವಿನ ಹಳೇ ರಾಣಾ ಅರಮನೆಯೊಂದರಲ್ಲಿ 'ರಾಯಲ್ ಹೋಟೆಲ್' ಶುರು ಮಾಡಿದರು. 1955ರಲ್ಲಿ ನೇಪಾಳಕ್ಕೆ ಮೊದಲ ಪ್ರವಾಸಿ ಗುಂಪು ಬಂದಾಗ ಉಳಿಸಿಕೊಂಡಿದ್ದೂ ಇವರೇ.

ಆ ಹೋಟೆಲ್‌ನ ಬಾರ್ ಹೆಸರೇ 'ಯಾಕ್ ಅಂಡ್ ಯೇತಿ'. ನಡುವೆ ಬೆಂಕಿ, ಅದರ ಮೇಲೆ ತಾಮ್ರದ ಚಿಮಣಿ, ಸುತ್ತ ಪರ್ವತಾರೋಹಿಗಳ ಹರಟೆ. ರಾಯಲ್ ಹೋಟೆಲ್ ಮುಚ್ಚಿದ ಮೇಲೂ ಹೆಸರು ಸಾಯಲಿಲ್ಲ. ಮೊದಲು ಲಾಲ್ ದರ್ಬಾರ್‌ನಲ್ಲಿ ರೆಸ್ಟೋರೆಂಟ್ ಆಯ್ತು, 1977ರಲ್ಲಿ ಹೋಟೆಲ್ ಆಯ್ತು. ಹಳೇ ರಾಯಲ್ ಹೋಟೆಲ್ ಕಟ್ಟಡಕ್ಕೆ ನೇಪಾಳದ ಚುನಾವಣಾ ಆಯೋಗ ಬಂತು.

ಈಗ ನನ್ನ ಬಿಕಾಂ ತಲೆ ಓಡುತ್ತೆ ನೋಡಿ. ಗುಡ್‌ವಿಲ್ ಚಾಪ್ಟರ್ ನೆನಪಿದ್ಯಾ? ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಲೆಕ್ಕದ ಪುಸ್ತಕಕ್ಕೆ ಬರುತ್ತೆ, ತಾನಾಗೇ ಬೆಳೆದಿದ್ದಕ್ಕೆ ಎಂಟ್ರಿ ಇಲ್ಲ. ಯಾಕ್ ಸಾಕಿದವರು, ಯೇತಿ ಕಥೆ ಹೇಳಿ ಮಕ್ಕಳನ್ನ ಮಲಗಿಸಿದವರು ಎವರೆಸ್ಟ್ ಬುಡದ ಶೆರ್ಪಾಗಳು. ಎಷ್ಟೋ ತಲೆಮಾರು ಬೆಳೆಸಿದ ಹೆಸರು ಅದು. ಅವರ ಪಾಲು ಯಾವ ಕಾಲಮ್ಮಲ್ಲಿ ಬರೀತೀರಿ?

ಆದ್ರೆ ಬೆಟ್ಟದವರಿಗೆ ಲೆಕ್ಕ ಗೊತ್ತಿಲ್ಲ ಅನ್ಕೋಬೇಡಿ. ಸುಮಾರು 3,800 ಮೀಟರ್ ಎತ್ತರದ ಖುಮ್‌ಜುಂಗ್ ಊರಿನ ಗೊಂಪಾದಲ್ಲಿ 'ಯೇತಿಯ ನೆತ್ತಿ' ಅಂತ ಒಂದು ವಸ್ತು ಇದೆ. 1960ರಲ್ಲಿ ಎಡ್ಮಂಡ್ ಹಿಲರಿ ಅದನ್ನ ಪರೀಕ್ಷೆಗೆ ಕೇಳಿದರು. ಊರವರು ಸುಮ್ನೆ ಕೊಡಲಿಲ್ಲ. ಜೊತೆಗೆ ನಮ್ಮ ಹಿರಿಯರೂ ಬರ್ತಾರೆ, ವಸ್ತು ವಾಪಸ್ ಬರಬೇಕು ಅಂದ್ರು. ಹಾಗೆ ಖುಮ್‌ಜೋ ಚುಂಬಿ ಅದರ ಕಾವಲಿಗೆ ಷಿಕಾಗೋ, ಪ್ಯಾರಿಸ್, ಲಂಡನ್ ಸುತ್ತಿ ಬಂದರು. ವಿಜ್ಞಾನಿಗಳು ಹೇಳಿದ್ದು: ಇದು ಸೆರೋ ಅನ್ನೋ ಕಾಡುಮೇಕೆ ಜಾತಿಯ ಪ್ರಾಣಿಯ ಚರ್ಮ. ಯೇತಿ ಸುಳ್ಳಾಯ್ತು, ಮಾತು ಸುಳ್ಳಾಗಲಿಲ್ಲ. ನೆತ್ತಿ ಊರಿಗೆ ವಾಪಸ್ ಬಂತು.

ಶೆರ್ಪಾಗಳು ಹಿಲರಿ ಹತ್ರ ಕೇಳಿಕೊಂಡಿದ್ದು ಇನ್ನೊಂದಿತ್ತು. ಮಕ್ಕಳಿಗೊಂದು ಶಾಲೆ. 1961ರಲ್ಲಿ ಖುಮ್‌ಜುಂಗ್‌ನಲ್ಲೇ ಆ ಶಾಲೆ ಶುರುವಾಯ್ತು, ಈಗಲೂ ಇದೆ.

ಬೆಟ್ಟದ ಹೆಸರು ಇಟ್ಕೊಂಡ ಹೋಟೆಲ್ ತಪ್ಪು ಅಂತ ನಾನು ಹೇಳ್ತಿಲ್ಲ. ಬೋರಿಸ್‌ಗೆ ಆ ನಾಡಿನ ಮೇಲೆ ನಿಜವಾದ ಪ್ರೀತಿ ಇತ್ತು. 1985ರಲ್ಲಿ ತೀರಿಕೊಂಡಾಗ ಅಲ್ಲೇ ಮಣ್ಣಾದರು. ನಾನು ಹೇಳೋದಿಷ್ಟೇ: ನಾಳೆ ನಾವೂ ಯಾವುದೋ ಊರಿನ ಹೆಸರಲ್ಲಿ ಕೆಫೆ ಇಡಬಹುದು, ಸ್ಟಾರ್ಟಪ್ ಮಾಡಬಹುದು. ಆಗ ಆ ಊರವರನ್ನ ಒಂದ್ಸಲ ಕೇಳೋಣ, ನಿಮಗೇನು ಬೇಕು ಅಂತ.

ಭಾಗ 5 ಇಂಟರ್ನಲ್ಸ್ ಮುಗಿದ ಮೇಲೆ. ಅಲ್ಲೀತನಕ ಸೇವ್ ಮಾಡ್ಕೊಳ್ಳಿ.