ಮೂಳೆಗಳು ನುಡಿದ ಸಾಕ್ಷಿ

1927ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ನ್ಯೂಜರ್ಸಿ ರಾಜ್ಯದ ಆರೆಂಜ್ ಪಟ್ಟಣದಲ್ಲಿ ಒಂದು ಸಮಾಧಿಯನ್ನು ಅಗೆದರು. ಐದು ವರ್ಷಗಳ ಹಿಂದೆ ಅಲ್ಲಿ ಮಣ್ಣು ಮಾಡಲಾಗಿದ್ದವಳು 24ರ ಹರೆಯದ ಅಮೀಲಿಯಾ ಮಾಜಿಯಾ. ಸಾವಿಗೆ ಕಾರಣ ಸಿಫಿಲಿಸ್ ಎಂದು ಆಕೆಯ ಮರಣಪತ್ರ ಹೇಳುತ್ತಿತ್ತು. ಆ ಒಂದು ಪದ ಮನೆಯವರಿಗೆ ಎಂತಹ ಅವಮಾನವಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುವುದು ಆಕೆಯ ಕೆಲಸವಾಗಿತ್ತು. ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡಿಕೊಳ್ಳಬೇಕೆಂದು ಕಾರ್ಖಾನೆಯಲ್ಲೇ ಕಲಿಸುತ್ತಿದ್ದರು. ಆ ಕಾಲದಲ್ಲಿ ರೇಡಿಯಂ ಬೆರೆಸಿದ ನೀರನ್ನು ಟಾನಿಕ್ ಎಂದು ಮಾರುತ್ತಿದ್ದರು. ಹೀಗಿರುವಾಗ ಹುಡುಗಿಯರು ಹೆದರುವುದಾದರೂ ಹೇಗೆ? ಆದರೆ ದೇಹವು ರೇಡಿಯಂ ಅನ್ನು ಸುಣ್ಣದ ಅಂಶವೆಂದೇ ಭ್ರಮಿಸಿ ಮೂಳೆಗಳಲ್ಲಿ ಸೇರಿಸಿಕೊಳ್ಳುತ್ತದೆ. ಅಮೀಲಿಯಾಳ ಹಲ್ಲುಗಳು ಒಂದೊಂದಾಗಿ ಹೋದವು. ಕೊನೆಗೆ ಆಕೆಯ ದವಡೆಯ ಮೂಳೆಯೇ ದಂತವೈದ್ಯನ ಬೆರಳುಗಳಿಗೆ ಕಿತ್ತು ಬಂತು.

ತನಿಖೆ ನಡೆಯಲಿಲ್ಲವೆಂದಲ್ಲ. 1924ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸೆಸಿಲ್ ಡ್ರಿಂಕರ್ ಅವರನ್ನು ಕಂಪನಿಯೇ ಕರೆಸಿತು. ಕೆಲಸಗಾರ್ತಿಯರ ಕೂದಲು, ಬಟ್ಟೆಗಳೂ ಕತ್ತಲಲ್ಲಿ ಹೊಳೆಯುತ್ತಿದ್ದುದನ್ನು ಕಂಡ ಅವರು ರೇಡಿಯಂ ಕಡೆಗೇ ಬೆರಳು ತೋರಿದರು. ಕಂಪನಿ ಆ ವರದಿಯನ್ನು ಮುಚ್ಚಿಟ್ಟು, ಕಾರ್ಮಿಕ ಇಲಾಖೆಗೆ ಎಲ್ಲವೂ ಕ್ಷೇಮವೆಂದು ತಿಳಿಸಿತು. ವಿಷಯ ತಿಳಿದ ಡ್ರಿಂಕರ್ 1925ರಲ್ಲಿ ವರದಿಯನ್ನು ತಾವೇ ಪ್ರಕಟಿಸಿದರು. ಅದೇ ವರ್ಷ ಕೌಂಟಿಯ ವೈದ್ಯಾಧಿಕಾರಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬದುಕಿದ್ದ ಹೆಣ್ಣುಮಕ್ಕಳ ಉಸಿರಿನಲ್ಲೂ ವಿಕಿರಣವನ್ನು ಅಳೆದರು.

ಸಮಾಧಿಯಿಂದ ಹೊರತೆಗೆದ ಮೂಳೆಗಳನ್ನು ಕತ್ತಲಲ್ಲಿ ಛಾಯಾಗ್ರಹಣದ ಫಿಲ್ಮಿನ ಜೊತೆ ಇಡಲಾಯಿತು. ಯಾವ ಬೆಳಕೂ ಇಲ್ಲದಿದ್ದರೂ ಫಿಲ್ಮಿನ ಮೇಲೆ ಅವುಗಳ ಗುರುತು ಮೂಡಿತು! ಸಿಫಿಲಿಸ್‌ನ ಸುಳಿವಂತೂ ಸಿಗಲಿಲ್ಲ. ಮೃತಳ ಮಾತನ್ನು ಮೂಳೆಗಳೇ ಆಡಿದ್ದವು.

ಕಾನೂನಿನ ತೊಡಕು ಬೇರೆಯೇ ಇತ್ತು. ಎರಡು ವರ್ಷಗಳೊಳಗೆ ದಾವೆ ಹೂಡಬೇಕಿತ್ತು; ರೋಗವೋ ಕೆಲಸ ಬಿಟ್ಟ ಎಷ್ಟೋ ವರ್ಷಗಳ ನಂತರ ತಲೆ ಎತ್ತುತ್ತಿತ್ತು. ಗ್ರೇಸ್ ಫ್ರೈಯರ್ ಎಂಬಾಕೆ ವಕೀಲರಿಗಾಗಿಯೇ ಎರಡು ವರ್ಷ ಅಲೆದಳು. ಕಡೆಗೆ 1928ರ ಜೂನ್‌ನಲ್ಲಿ ಆಕೆಗೂ ಇತರ ನಾಲ್ವರಿಗೂ ತಲಾ 10,000 ಡಾಲರ್ ಪರಿಹಾರ, ವರ್ಷಕ್ಕೆ 600 ಡಾಲರ್ ಮತ್ತು ಚಿಕಿತ್ಸೆಯ ವೆಚ್ಚವನ್ನು ಕೊಡಲು ಕಂಪನಿ ಒಪ್ಪಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ರೇಡಿಯಂ ತನ್ನ ಅರ್ಧ ಶಕ್ತಿಯನ್ನು ಕಳೆದುಕೊಳ್ಳಲು ಸುಮಾರು 1,600 ವರ್ಷಗಳು ಬೇಕು. ಆ ಹೆಣ್ಣುಮಕ್ಕಳ ಮೂಳೆಗಳಿಂದ ಈಗಲೂ ಮಣ್ಣಿನಡಿಯಲ್ಲಿ ವಿಕಿರಣ ಹೊಮ್ಮುತ್ತಿದೆ.