ಪಾಳಿ ಬದಲಾಗುವಾಗ ಹಾಸಿಗೆಯ ಬಳಿಯ ಮಾತು

ಆಸ್ಪತ್ರೆಯಲ್ಲಿ ರೋಗಿ ಹಗಲಿರುಳೂ ಅದೇ ಹಾಸಿಗೆಯಲ್ಲಿರುತ್ತಾರೆ. ನೋಡಿಕೊಳ್ಳುವ ದಾದಿಯರು ಮಾತ್ರ ದಿನಕ್ಕೆ ಎರಡು ಮೂರು ಬಾರಿ ಬದಲಾಗುತ್ತಾರೆ. ಯಾವ ಔಷಧಿ ಕೊಟ್ಟಾಯಿತು, ಯಾವುದು ಬಾಕಿ, ಯಾವುದು ಒಗ್ಗದು ಎಂಬುದೆಲ್ಲ ಕೆಲವೇ ನಿಮಿಷಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ತಲುಪಬೇಕು. ಪೆನಿಸಿಲಿನ್ ಒಗ್ಗದೆಂಬ ಒಂದು ಮಾತು ಬಿಟ್ಟುಹೋದರೂ ಜೀವಕ್ಕೆ ಅಪಾಯ. ಈ ಸೋರಿಕೆಯನ್ನು ತಡೆಯುವ ಪ್ರಯತ್ನಗಳಿಗೆ ಒಂದೂವರೆ ಶತಮಾನದ ಇತಿಹಾಸವಿದೆ.

ಫ್ಲಾರೆನ್ಸ್ ನೈಟಿಂಗೇಲ್ ಅವರ ‘ನೋಟ್ಸ್ ಆನ್ ನರ್ಸಿಂಗ್’ ಪ್ರಕಟವಾದದ್ದು 1859ರಲ್ಲಿ. ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ ಒಳ್ಳೆಯ ಶುಶ್ರೂಷೆಯೂ ವ್ಯರ್ಥ ಎಂಬುದು ಅದರ ಒಂದು ಅಧ್ಯಾಯದ ತಿರುಳು. ರೋಗಿಯಿರುವ ಕೋಣೆಯಲ್ಲೇ ಪಿಸುಗುಟ್ಟುವುದು ಕ್ರೌರ್ಯವೆಂದೂ ಅವರು ಎಚ್ಚರಿಸಿದ್ದರು.

ಆಗ ತಿಳಿಸಲು ಅಂಕಿಗಳೇ ಕಡಿಮೆ. ಅಂದಿನ ಉಷ್ಣಮಾಪಕ ಸುಮಾರು ಒಂದು ಅಡಿ ಉದ್ದವಿದ್ದು, ಮೈಬಿಸಿ ಅಳೆಯಲು ಸುಮಾರು 20 ನಿಮಿಷ ಹಿಡಿಯುತ್ತಿತ್ತು. 1866ರಲ್ಲಿ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್ಬಟ್ ರೂಪಿಸಿದ 6 ಅಂಗುಲದ ಮಾಪಕಕ್ಕೆ 5 ನಿಮಿಷ ಸಾಕಾಯಿತು. 1868ರಲ್ಲಿ ಜರ್ಮನಿಯ ಕಾರ್ಲ್ ವುಂಡರ್ಲಿಖ್ ಜ್ವರದ ಏರಿಳಿತಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ‘ಸ್ವಲ್ಪ ಬಿಸಿ’ ಎಂಬ ಮಾತಿನ ಜಾಗಕ್ಕೆ ಕ್ರಮೇಣ ಅಂಕಿ ಮತ್ತು ನಕ್ಷೆಗಳು ಬಂದವು.

ಆದರೂ ಬಾಯಿಮಾತು ನಿಲ್ಲಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ಪಾಳಿಯ ವರದಿ ರೋಗಿಯಿಂದ ದೂರ, ದಾದಿಯರ ಕೋಣೆಯಲ್ಲಿ ನಡೆಯುತ್ತಿತ್ತು. 2005ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗವೊಂದು ಇದರ ಫಲವನ್ನು ಅಳೆಯಿತು. 12 ಕಾಲ್ಪನಿಕ ರೋಗಿಗಳ ವಿವರಗಳು ದಾದಿಯಿಂದ ದಾದಿಗೆ ಐದು ಸುತ್ತು ಸಾಗಿದವು. ಬರಿಯ ಬಾಯಿಮಾತಿನಲ್ಲಿ ಮೂರೇ ಸುತ್ತಿಗೆ ಎಲ್ಲವೂ ಕಳೆದುಹೋಯಿತು. ಕೇಳುತ್ತ ಬರೆದುಕೊಂಡಾಗ ಐದು ಸುತ್ತಿನ ಬಳಿಕ ಉಳಿದದ್ದು ಶೇ. 31. ಮಾತಿನೊಂದಿಗೆ ಬೆರಳಚ್ಚಿನ ಹಾಳೆಯನ್ನೂ ಕೊಟ್ಟಾಗ ನಷ್ಟ ಅತ್ಯಲ್ಪ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಅಚ್ಚರಿಯಲ್ಲ. ಗದ್ದಲವಿರುವ ಮಾರ್ಗದಲ್ಲಿ ಸಂದೇಶ ಸರಿಯಾಗಿ ತಲುಪಬೇಕಾದರೆ ತಪ್ಪು ಪತ್ತೆಹಚ್ಚಲು ನೆರವಾಗುವ ಹೆಚ್ಚುವರಿ ಅಂಶ ಅದರಲ್ಲಿರಬೇಕು. ಕ್ಲಾಡ್ ಶಾನನ್ 1948ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಅಮೆರಿಕದ ಪರಮಾಣು ಜಲಾಂತರ್ಗಾಮಿಗಳ ಅನುಭವದಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಿಎಆರ್’ ಕ್ರಮವೂ ಮಾತಿಗೊಂದು ಚೌಕಟ್ಟು ಹಾಕುತ್ತದೆ: ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಮುಂದೆ ಮಾಡಬೇಕಾದದ್ದು. ಇವುಗಳಲ್ಲೊಂದು ಬಿಟ್ಟುಹೋದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮದ ಜೊತೆಗೆ, ಕೇಳಿದ್ದನ್ನು ಮರಳಿ ಹೇಳುವುದನ್ನೂ ರೋಗಿ ಮತ್ತು ಮನೆಯವರನ್ನು ಒಳಗೊಳ್ಳುವುದನ್ನೂ ಸೂಚಿಸಿತು.

ಹಾಸಿಗೆಯ ಬಳಿ ನಿಂತು ಮಾತನಾಡುವುದರ ಮಹತ್ವ ಇಲ್ಲಿದೆ. ಡ್ರಿಪ್ ಎಷ್ಟು ಇಳಿದಿದೆ, ಗಾಯ ಹೇಗಿದೆ ಎಂಬುದನ್ನು ಇಬ್ಬರೂ ಕಣ್ಣಾರೆ ನೋಡಬಹುದು. ‘ಆ ಮಾತ್ರೆ ನನಗೆ ಆಗುವುದಿಲ್ಲ’ ಎಂದು ರೋಗಿಯೇ ತಿದ್ದಬಹುದು. ಪಕ್ಕದ ಹಾಸಿಗೆ ಕೈಯಳತೆಯಲ್ಲಿರುವ ಜನರಲ್ ವಾರ್ಡಿನಲ್ಲಿ ಗುಟ್ಟಿನ ಸಂಗತಿಗಳನ್ನು ಬೇರೆಡೆ ಹೇಳುವುದು ಅಗತ್ಯವೇ. ಉಳಿದದ್ದನ್ನು ಸ್ಪಷ್ಟವಾಗಿ, ರೋಗಿಯನ್ನೂ ಸೇರಿಸಿಕೊಂಡು ಹೇಳಬಹುದು.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಹತ್ತು ವಿವರಗಳನ್ನು ಐವರು ವಿದ್ಯಾರ್ಥಿಗಳ ಮೂಲಕ ಒಮ್ಮೆ ಬಾಯಿಮಾತಿನಲ್ಲಿ, ಇನ್ನೊಮ್ಮೆ ಹಾಳೆಯೊಂದಿಗೆ ಸಾಗಿಸಿ, ಕೊನೆಗೆ ಉಳಿದವನ್ನು ಎಣಿಸಿದರಾಯಿತು.